ಮೂರು ದಿನಕ್ಕೊಂದು ಮಾಳಿಗೆ

ಮಾಸ್ಟ್ರೇ, ನಿನ್ನೆ ನಿಮ್ಮಲ್ಲಿ ಸ್ಲ್ಯಾಬ್ ಹಾಕುವಾಗ ಬೆಳಿಗ್ಗೆ ಆರೂವರೆಗೆ ಈ ಪಾಗಾರಕ್ಕೆ ಒರಗಿ ನಿಂತವ ನಾನು, ಸಂಜೆ ಮಿಕ್ಸರ್ ತೊಳೆದು ಟೆಂಪೋದ ಹಿಂದೆ ಕಟ್ಟುವವರೆಗೂ ಕದಲಲಿಲ್ಲ. ಚಾ ಕುಡಿಲಿಕ್ಕೆ ಒಳಗಿನಿಂದ ಎರಡು ಸಲ ಕರೆ ಬಂತು, ಹೋಗಲಿಕ್ಕೆ ಮನಸ್ಸೇ ಬರಲಿಲ್ಲ. ಹಸಿ ಸಿಮೆಂಟಿನ ವಾಸನೆ, ವೈಬ್ರೇಟರಿನ ಗುಂಯ್ ಶಬ್ದ, ಬಾಂಡ್ಲಿ ಕೈಯಿಂದ ಕೈಗೆ ದಾಟುವಾಗ ಆ ಕೊಪ್ಪಳದ ಹುಡುಗರು ಹಾಕುವ ಕೂಗು, ಎಲ್ಲ ಸೇರಿ ನನ್ನನ್ನು ದುಬೈಗೆ ಎಳೆದುಕೊಂಡು ಹೋಯಿತು. ಈಗ ಪೈಪು ಮೇಲೆ ಬಿಟ್ಟು ಬಂದಿದ್ದೀರಲ್ಲ, ಕಟ್ಟದೊಳಗೆ ನೀರು ತುಂಬಲಿಕ್ಕೆ ಅರ್ಧ ಗಂಟೆಯಾದರೂ ಬೇಕು. ಸ್ವಲ್ಪ ನಿಲ್ಲಿ, ಒಂದು ಕಟ್ಟಡದ ಕಥೆ ಹೇಳ್ತೇನೆ. ನಾನು ಕಟ್ಟಿದ್ದಲ್ಲ. ಬೇರೆಯವರು ಕಟ್ಟುವುದನ್ನು ಆರು ವರ್ಷ ನೋಡಿದ್ದು.

ನಾನು ದುಬೈಯಲ್ಲಿದ್ದದ್ದು 2003ರಿಂದ 2010ರವರೆಗೆ. ಅಲ್ ಕೂಜ್ ಎನ್ನುವಲ್ಲಿ ಒಂದು ಹಾರ್ಡ್‌ವೇರ್ ಗೋಡೌನಿನಲ್ಲಿ ಸ್ಟೋರ್‌ಕೀಪರ್ ಕೆಲಸ. ಮಲಗುವುದು ಸತ್ವಾದ ಒಂದು ಹಳೇ ವಿಲ್ಲಾದಲ್ಲಿ. ಒಂದು ಕೋಣೆಗೆ ಎಂಟು ಜನ, ಮಂಚದ ಮೇಲೆ ಮಂಚ. ಬೆಡ್ ಸ್ಪೇಸ್ ಅಂತ ಅಲ್ಲಿ ಹೇಳುವುದು. ಕಾಪುವಿನವರು ಇಬ್ಬರು, ಬಂಟ್ವಾಳದವನೊಬ್ಬ, ಕಾಸರಗೋಡಿನ ಮೂವರು, ಭಟ್ಕಳದ ಒಬ್ಬರು, ಮತ್ತೆ ನಾನು. ಬೆಳಿಗ್ಗೆ ಕಂಪನಿಯ ಪಿಕಪ್ ಬಂದು ನಮ್ಮನ್ನು ಹತ್ತಿಸಿಕೊಂಡು ಶೇಖ್ ಝಾಯೆದ್ ರೋಡಿನಲ್ಲಿ ಹೊರಟರೆ ಡಿಫೆನ್ಸ್ ರೌಂಡಬೌಟ್ ದಾಟಿಯೇ ಹೋಗಬೇಕು. ಆ ರೌಂಡಬೌಟಿನ ಪಕ್ಕದ ಬಯಲು ಬರೀ ಮರಳು. 2004ರ ಜನವರಿಯಲ್ಲಿ ಅಲ್ಲಿ ಬೇಲಿ ಎದ್ದು ಅಗೆತ ಶುರುವಾಯಿತು. ಪ್ರಪಂಚದಲ್ಲೇ ಎತ್ತರದ ಕಟ್ಟಡ ಬರ್ತದಂತೆ, ಬುರ್ಜ್ ದುಬೈ ಅಂತ ಹೆಸರಂತೆ ಎಂದು ಡ್ರೈವರ್ ಹೇಳಿದ. ಬುರ್ಜ್ ಎಂದರೆ ಅರಬಿಯಲ್ಲಿ ಗೋಪುರ. ನಮ್ಮ ಕೋಟೆಗಳ ಬುರುಜೂ ಅದೇ ಶಬ್ದ.

ಆಮೇಲೆ ಒಂದು ವರ್ಷ ಮಾರಾಯ್ರೇ, ನೆಲದಿಂದ ಮೇಲೆ ಎಂತದೂ ಇಲ್ಲ. ದಿನಾ ಹೋಗುವಾಗ ಬರುವಾಗ ನೋಡ್ತೇವೆ, ಹೊಂಡ, ಲಾರಿ, ಮತ್ತೆ ಹೊಂಡ. ಪಂಚಾಂಗಕ್ಕೇ ಒಂದು ವರ್ಷವಾ ಎಂದು ನೀವು ಈಗ ಕೇಳುವ ಹಾಗೆ ನಾನೂ ಕೇಳಿದ್ದೆ. ನಮ್ಮಲ್ಲಾದರೆ ನಾಲ್ಕಡಿ ಅಗೆದರೆ ಮುರಕಲ್ಲು ಸಿಗ್ತದೆ, ಅದರ ಮೇಲೆ ಕೂರಿಸಿದರೆ ಆಯಿತು. ಅಲ್ಲಿ ಎಷ್ಟು ಆಳ ಹೋದರೂ ಮೆತ್ತಗಿನ ಬಂಡೆ, ಉಗುರಲ್ಲಿ ಕೆರೆದರೆ ಪುಡಿ ಆಗುವಂಥದ್ದು. ಹಾಗಾಗಿ 192 ಕಾಂಕ್ರೀಟ್ ಕಂಬಗಳನ್ನು ಐವತ್ತು ಮೀಟರ್ ಆಳದವರೆಗೆ ಇಳಿಸಿದರು. ಒಂದೊಂದು ಕಂಬ ಒಂದೂವರೆ ಮೀಟರ್ ದಪ್ಪ. ಆ ಕಂಬಗಳ ಬುಡ ಯಾವ ಗಟ್ಟಿ ಕಲ್ಲಿನ ಮೇಲೂ ಕೂತಿಲ್ಲ. ಗದ್ದೆಯ ಕೆಸರಿನಲ್ಲಿ ಹುಗಿದ ಗೂಟವನ್ನು ಕೀಳಲಿಕ್ಕೆ ಹೋದರೆ ಕೆಸರು ನಾಲ್ಕೂ ಬದಿಯಿಂದ ಹಿಡಿದುಕೊಳ್ಳುವುದಿಲ್ಲವಾ, ಹಾಗೆ ಸುತ್ತಲಿನ ನೆಲದ ಹಿಡಿತದಲ್ಲೇ ಇಡೀ ಗೋಪುರದ ಭಾರ ನಿಂತದ್ದು. ಕಂಬಗಳ ತಲೆಯ ಮೇಲೆ ಹಾಸಿದ ಕಾಂಕ್ರೀಟು 3.7 ಮೀಟರ್ ದಪ್ಪ, ಎಂದರೆ ಹನ್ನೆರಡು ಅಡಿ. ನಿಮ್ಮ ನಿನ್ನೆಯ ಸ್ಲ್ಯಾಬ್ ಐದು ಇಂಚು.

ಇನ್ನೊಂದು ಉಂಟು. ಅಲ್ಲಿನ ನೆಲದಡಿಯ ನೀರು ಸಮುದ್ರದ ನೀರಿಗಿಂತ ಉಪ್ಪು. ಉಪ್ಪು ನೀರು ಕಬ್ಬಿಣಕ್ಕೆ ಎಂತ ಮಾಡ್ತದೆ ಎಂದು ಮಲ್ಪೆಯ ಕಡಲ ಬದಿಯ ಮನೆಗಳ ಕಿಟಕಿ ಸರಳು ನೋಡಿದವರಿಗೆ ಹೇಳಬೇಕಾಗಿಲ್ಲ. ಹತ್ತು ವರ್ಷದಲ್ಲಿ ಪದರು ಪದರಾಗಿ ಏಳ್ತದೆ. ಅದಕ್ಕೆ ಅವರು ಅಡಿಯಲ್ಲಿ ಟೈಟಾನಿಯಂ ಜಾಲರಿ ಹಾಸಿ, ಸಣ್ಣ ಪ್ರಮಾಣದಲ್ಲಿ ಕರೆಂಟು ಹರಿಸಿ, ಒಳಗಿನ ಕಬ್ಬಿಣಕ್ಕೆ ತುಕ್ಕು ಬಾರದ ಹಾಗೆ ಮಾಡಿದ್ದಾರೆ. ನೆಲದ ಮೇಲೆ ಕಾಣುವ ವೈಭವದ ಫೋಟೋ ಎಲ್ಲರ ಮೊಬೈಲಿನಲ್ಲೂ ಉಂಟು. ಈ ಅಡಿಯ ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಮಾತ್ರ ಆ ಕಟ್ಟಡದಲ್ಲಿ ಅತಿ ದೊಡ್ಡದು ಅದೇ ಎಂದು ಈಗಲೂ ಅನಿಸ್ತದೆ.

2005ರ ಮಳೆಗಾಲದ ಹೊತ್ತಿಗೆ, ನಮ್ಮ ಊರಿನ ಮಳೆಗಾಲ ಹೇಳಿದ್ದು, ಅಲ್ಲಿ ಮಳೆ ಎಲ್ಲಿಯದು, ಗೋಡೆಗಳು ಮೇಲೆ ಬಂದವು. ಆಗ ಗೊತ್ತಾಯಿತು ಅದರ ಆಕಾರ. ಚೌಕ ಅಲ್ಲ, ಉರುಟು ಅಲ್ಲ. ಮಧ್ಯದಲ್ಲಿ ಆರು ಮೂಲೆಯ ಒಂದು ಗಟ್ಟಿ ಕಂಬದಂಥ ಭಾಗ, ಅದರಿಂದ ಮೂರು ಕಡೆಗೆ ಮೂರು ರೆಕ್ಕೆ. ಮೂರು ಜನ ಬೆನ್ನಿಗೆ ಬೆನ್ನು ಕೊಟ್ಟು ಕೂತರೆ ಒಬ್ಬನನ್ನು ದೂಡಿದರೂ ಉಳಿದಿಬ್ಬರು ತಡೆಯುತ್ತಾರಲ್ಲ, ಅದೇ ಲೆಕ್ಕ. ಗಾಳಿ ಯಾವ ಕಡೆಯಿಂದ ಬಡಿದರೂ ಒಂದು ರೆಕ್ಕೆಯ ಭಾರ ಇನ್ನೆರಡಕ್ಕೆ ಹೋಗ್ತದೆ. ಇದನ್ನು ಯೋಚಿಸಿದವರು ಬಿಲ್ ಬೇಕರ್ ಎನ್ನುವ ಎಂಜಿನಿಯರು. ನಕ್ಷೆ ಮಾಡಿದ ಆರ್ಕಿಟೆಕ್ಟು ಏಡ್ರಿಯನ್ ಸ್ಮಿತ್. ಇಬ್ಬರೂ ಶಿಕಾಗೋದ ಎಸ್‌ಓಎಂ ಎಂಬ ದೊಡ್ಡ ಸಂಸ್ಥೆಯವರು. ಅದೇ ಸಂಸ್ಥೆಯಲ್ಲಿ ಮೊದಲು ನಮ್ಮ ಕಡೆಯ ಒಬ್ಬರು ಇದ್ದರು ಮಾಸ್ಟ್ರೇ, ಫಜ್ಲುರ್ ರಹಮಾನ್ ಖಾನ್ ಅಂತ, ಢಾಕಾದವರು, ಕಲ್ಕತ್ತಾದ ಹತ್ತಿರದ ಶಿಬಪುರದ ಎಂಜಿನಿಯರಿಂಗ್ ಕಾಲೇಜಿನಲ್ಲೂ ಓದಿದವರು. ಶಿಕಾಗೋದ ಸಿಯರ್ಸ್ ಟವರ್ ಅವರ ಲೆಕ್ಕಾಚಾರ. ಗಗನಚುಂಬಿ ಎಂದರೆ ಅಮೆರಿಕದವರ ಸೊತ್ತು ಎಂದು ಯಾರಾದರೂ ಹೇಳಿದರೆ ನನಗೆ ಈ ಹೆಸರು ನೆನಪಾಗ್ತದೆ.

ಎತ್ತರದ ಕಟ್ಟಡಕ್ಕೆ ಶತ್ರು ಅದರ ಭಾರವಲ್ಲ, ಗಾಳಿ. ತೆಂಗಿನ ಮರ ಹತ್ತಿದವರನ್ನು ಕೇಳಿ, ಕೆಳಗೆ ಎಲೆ ಅಲ್ಲಾಡದಿದ್ದರೂ ಮೇಲೆ ತೂಗ್ತದೆ. ಗಾಳಿ ಒಂದೇ ದಪ್ಪದ ಕಂಬಕ್ಕೆ ಬಡಿದರೆ ಅದರ ಎರಡೂ ಬದಿಯಲ್ಲಿ ಸುಳಿ ಏಳ್ತದೆ. ಆ ಸುಳಿಗಳು ಬುಡದಿಂದ ತುದಿಯವರೆಗೆ ಒಂದೇ ತಾಳದಲ್ಲಿ ಎಳೆಯಲಿಕ್ಕೆ ಶುರು ಮಾಡಿದರೆ ಕಟ್ಟಡ ಉಯ್ಯಾಲೆಯಾದೀತು. ಹಾಗೆ ಆಗದಿರಲಿಕ್ಕೆ ಈ ಗೋಪುರದ ಮೂರು ರೆಕ್ಕೆಗಳನ್ನು ಒಂದೊಂದು ಎತ್ತರದಲ್ಲಿ ಒಂದೊಂದಾಗಿ, ಸುತ್ತು ಮೆಟ್ಟಿಲಿನ ಹಾಗೆ ಹಿಂದೆ ಸರಿಸುತ್ತಾ ಹೋಗಿದ್ದಾರೆ. ಪ್ರತಿ ಹಂತದಲ್ಲೂ ಗಾಳಿಗೆ ಹೊಸ ಅಗಲ ಎದುರಾಗ್ತದೆ, ತಾಳ ಹಿಡಿಯಲಿಕ್ಕೆ ಬಿಡುವುದೇ ಇಲ್ಲ. ಕೆನಡಾದಲ್ಲಿ ಸಣ್ಣ ಮಾದರಿ ಮಾಡಿ ಗಾಳಿ ಸುರಂಗದಲ್ಲಿಟ್ಟು ನಲವತ್ತಕ್ಕೂ ಹೆಚ್ಚು ಸಲ ಪರೀಕ್ಷೆ ಮಾಡಿದರಂತೆ. ಅದರಿಂದ ಸಿಕ್ಕಿದ ಲೆಕ್ಕದ ಮೇಲೆ ಇಡೀ ಕಟ್ಟಡದ ಮುಖವನ್ನೇ ತಿರುಗಿಸಿದರು. ನೋಡುವವರು ಚಂದಕ್ಕೆ ಹಾಗೆ ಮಾಡಿದ್ದು ಅಂದುಕೊಳ್ತಾರೆ. ಚಂದ ಆಮೇಲೆ ಬಂದದ್ದು.

ನಮ್ಮ ವಿಲ್ಲಾದ ತಾರಸಿಯಿಂದ ಮೊದಲು ಅದು ಕಾಣುತ್ತಿರಲಿಲ್ಲ. ಶೇಖ್ ಝಾಯೆದ್ ರೋಡಿನ ಕಟ್ಟಡಗಳ ಸಾಲು ಅಡ್ಡ. 2006ರಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲಿಕ್ಕೆ ಮೇಲೆ ಹೋದವನಿಗೆ ಆ ಸಾಲಿನ ತಲೆಯ ಮೇಲೆ ಕ್ರೇನಿನ ಕೈ ಕಂಡಿತು. ಅವತ್ತಿನಿಂದ ನನ್ನ ಡೈರಿಯಲ್ಲಿ ಬರೆದಿಡುವ ಅಭ್ಯಾಸ ಶುರುವಾಯಿತು. ಆ ಡೈರಿ ಈಗಲೂ ನನ್ನ ಕಪಾಟಿನಲ್ಲಿ ಉಂಟು. ಊರಿಗೆ ಕಳಿಸಿದ ಹಣದ ಲೆಕ್ಕ ಒಂದು ಬದಿ, ಗೋಪುರದ ಲೆಕ್ಕ ಇನ್ನೊಂದು ಬದಿ. 2006ರ ಜೂನ್‌ನಲ್ಲಿ 50 ಮಾಳಿಗೆ. 2007ರ ಜನವರಿಯಲ್ಲಿ 100. ಸರಾಸರಿ ಹಿಡಿದರೆ ನಾಲ್ಕೈದು ದಿನಕ್ಕೆ ಒಂದು ಮಾಳಿಗೆ. ಕೆಲಸ ಚೆನ್ನಾಗಿ ಹಿಡಿತಕ್ಕೆ ಬಂದಾಗ ಮೂರೇ ದಿನಕ್ಕೆ ಒಂದು. ನಿಮ್ಮ ಸೆಂಟ್ರಿಂಗ್ ಬಿಚ್ಚಲಿಕ್ಕೆ ಇನ್ನೂ ಎರಡು ವಾರ ಬೇಕು ಎಂದು ಮೇಸ್ತ್ರಿ ಹೇಳಿದ್ದಾರಲ್ಲ, ಅಲ್ಲಿ ಗೋಡೆಯ ಸೆಂಟ್ರಿಂಗ್ ಬಿಚ್ಚಿ ಕೆಳಗೆ ಇಳಿಸುವ ಪ್ರಶ್ನೆಯೇ ಇರಲಿಲ್ಲ. ಕಾಂಕ್ರೀಟು ಗಟ್ಟಿಯಾದ ಕೂಡಲೇ ಅದು ಜಾಕಿನ ಬಲದಲ್ಲಿ ತಾನೇ ಒಂದು ಮಾಳಿಗೆ ಮೇಲಕ್ಕೆ ಹತ್ತಿ ನಿಲ್ತಿತ್ತು. ಮೊದಲು ಗೋಡೆಗಳು, ಅವುಗಳ ಹಿಂದೆ ಹಿಂದೆ ಸ್ಲ್ಯಾಬುಗಳು.

ರಾತ್ರಿ ಕೆಲಸ ನೋಡಬೇಕಿತ್ತು ನೀವು. ಬೇಸಿಗೆಯಲ್ಲಿ ಹಗಲು ನಲವತ್ತೈದು ಡಿಗ್ರಿ. ಆ ಬಿಸಿಲಿನಲ್ಲಿ ಕಾಂಕ್ರೀಟು ಹಾಕಿದರೆ ಹಾಕುವ ಮೊದಲೇ ಬಿಗಿಯುತ್ತದೆ, ಆಮೇಲೆ ಬಿರುಕು. ಹಾಗಾಗಿ ರಾತ್ರಿ ಹಾಕುವುದು, ಅದೂ ಮಿಶ್ರಣಕ್ಕೆ ಐಸ್ ಸೇರಿಸಿ. ಹೌದು ಮಾಸ್ಟ್ರೇ, ನೀರಿನ ಬದಲು ಐಸ್. ಗುರುವಾರ ರಾತ್ರಿ ನಾವು ಮೂರು ನಾಲ್ಕು ಜನ ನಡೆದುಕೊಂಡೇ ಹೋಗಿ ರಸ್ತೆಯ ಈಚೆ ನಿಂತು ನೋಡ್ತಿದ್ದೆವು. ಮಿಕ್ಸರ್ ಲಾರಿಗಳು ಸಾಲು ಹಿಡಿದು ಒಳಗೆ ಹೋಗುವುದು, ಖಾಲಿಯಾಗಿ ಹೊರಗೆ ಬರುವುದು. ಮೇಲೆ ನೋಡಿದರೆ ತುದಿಯಲ್ಲಿ ಬೆಳಕಿನ ಒಂದು ಗುಂಪು, ಅದರೊಳಗೆ ಇರುವೆಯ ಹಾಗೆ ಜನ. ಕೆಳಗಿನ ಪಂಪಿನಿಂದ ಹೊರಟ ಕಾಂಕ್ರೀಟು ಪೈಪಿನಲ್ಲಿ ನೇರ ಮೇಲಕ್ಕೆ ಹೋಗ್ತಿತ್ತು. ಎತ್ತರ ಏರಿದ ಹಾಗೆ ಮಿಶ್ರಣವನ್ನೇ ಬದಲಿಸುತ್ತಿದ್ದರು, ಪೈಪಿನಲ್ಲಿ ಸುಲಭವಾಗಿ ಜಾರಬೇಕಲ್ಲ. ಕೊನೆಗೆ 2008ರಲ್ಲಿ 606 ಮೀಟರ್ ಎತ್ತರಕ್ಕೆ ಕಾಂಕ್ರೀಟನ್ನು ಒಂದೇ ಉಸಿರಿಗೆ ಎತ್ತಿದರು. ಅದಕ್ಕೆ ಮೊದಲು ಪ್ರಪಂಚದಲ್ಲಿ ಯಾವ ಕಟ್ಟಡದಲ್ಲೂ ಅಷ್ಟು ಎತ್ತರಕ್ಕೆ ಎತ್ತಿದ್ದೇ ಇಲ್ಲ. ನಿನ್ನೆ ನಿಮ್ಮ ಹುಡುಗರು ಹದಿಮೂರು ಅಡಿಗೆ ಎತ್ತುವಾಗ ಅವರ ತೋಳಿನ ನರ ನೋಡಿದೆ. ಭಾರ ಎಂದರೆ ಎಂತ ಎಂದು ಅದರಲ್ಲಿ ಗೊತ್ತಾಗ್ತದೆ.

ಈಗ ಒಬ್ಬ ಕರೀಂನಗರದವನ ವಿಷಯ ಹೇಳ್ತೇನೆ. ಅದಕ್ಕೇ ನಿಮ್ಮನ್ನು ನಿಲ್ಲಿಸಿದ್ದು.

ಸತ್ವಾದಲ್ಲಿ ನಮ್ಮ ಗಲ್ಲಿಯ ತುದಿಗೆ ಮಲಯಾಳಿಯೊಬ್ಬರ ಕ್ಯಾಫಿಟೀರಿಯಾ. ಶುಕ್ರವಾರ ರಜೆಯ ದಿನ ಅಲ್ಲಿ ಸುಲೈಮಾನಿ ಚಾ ಕುಡಿಯುತ್ತಾ ಕೂತರೆ ಪ್ರಪಂಚದ ಸುದ್ದಿ ಎಲ್ಲ ಬರ್ತದೆ. ಹಾಗೆ ಗುರ್ತ ಆದವನು. ಮೂವತ್ತೈದರ ಆಸುಪಾಸು, ತೆಳ್ಳಗಿನ ಆಳು, ಸೋನಾಪುರದ ಕ್ಯಾಂಪಿನಲ್ಲಿ ವಾಸ, ಶುಕ್ರವಾರ ತಮ್ಮನನ್ನು ನೋಡಲಿಕ್ಕೆ ಸತ್ವಾಕ್ಕೆ ಬರ್ತಿದ್ದ. ಕೆಲಸ ಬುರ್ಜ್ ದುಬೈಯಲ್ಲಿ ಅಂತ ಹೇಳಿದಾಗ ನಾನು ಕುರ್ಚಿ ಎಳೆದು ಹತ್ತಿರ ಕೂತೆ. ಯಾವ ಕೆಲಸ ಎಂದು ಕೇಳಿದೆ. ರಾಡ್ ಕಟ್ಟುವುದು, ಎಂದ.

ಅವನ ಬಲಗೈ ನನ್ನ ಕಣ್ಣಿನ ಮುಂದೆ ಈಗಲೂ ಉಂಟು. ಹೆಬ್ಬೆರಳಿನ ಬುಡದಲ್ಲಿ ಹುಣಿಸೆ ಬೀಜದಷ್ಟು ಗಟ್ಟಿ ಕಾಯಿ ಕಟ್ಟಿದೆ. ತೋರುಬೆರಳು ಪೂರ್ತಿ ನೇರ ಆಗುವುದೇ ಇಲ್ಲ. ಜೇಬಿನಿಂದ ಒಂದು ತುಂಡು ಬೈಂಡಿಂಗ್ ವಯರ್ ತೆಗೆದ; ಅದು ಸದಾ ಅವನ ಜೇಬಿನಲ್ಲಿ ಇರ್ತಿತ್ತೋ ಏನೋ. ಮೇಜಿನ ಮೇಲಿದ್ದ ಎರಡು ಚಮಚವನ್ನು ಅಡ್ಡಡ್ಡ ಇಟ್ಟು, ವಯರನ್ನು ಮಡಚಿ ಅಡಿಯಿಂದ ತಂದು, ಕೊಕ್ಕೆಯ ಬದಲು ಬೆರಳನ್ನೇ ತೂರಿಸಿ ಒಂದೂವರೆ ಸುತ್ತು ಸುತ್ತಿದ. ಚಮಚ ಎತ್ತಿ ಕುಲುಕಿದರೂ ಅಲ್ಲಾಡಲಿಲ್ಲ. ಒಂದೂವರೆಗಿಂತ ಜಾಸ್ತಿ ಸುತ್ತಿದರೆ ವಯರು ತುಂಡಾಗ್ತದೆ, ಕಡಿಮೆಯಾದರೆ ಕಾಂಕ್ರೀಟಿನ ಭಾರಕ್ಕೆ ರಾಡು ಜಾರ್ತದೆ ಎಂದು ಹೇಳಿದ. ನಾನು ಗೋಡೌನಿನಲ್ಲಿ ಅದೇ ಬೈಂಡಿಂಗ್ ವಯರಿನ ಸುರುಳಿಗಳನ್ನು ಎಣಿಸಿ ಬಿಲ್ ಮಾಡುವವ. ಎಷ್ಟೋ ವರ್ಷ ಮುಟ್ಟಿದ ಆ ವಯರಿನ ಗುಣ ನನಗೆ ಗೊತ್ತಾದದ್ದು ಅವತ್ತು.

ಅಲ್ಲಿ ಗೋಡೆಯ ಕಬ್ಬಿಣವನ್ನು ಮೇಲೆ ಹೋಗಿ ಒಂದೊಂದೇ ಕಟ್ಟುತ್ತಾ ಕೂತರೆ ಮೂರು ದಿನಕ್ಕೆ ಮಾಳಿಗೆ ಏಳುವುದಿಲ್ಲ. ಹಾಗಾಗಿ ಕೆಳಗೆ ನೆಲದ ಮೇಲೆಯೇ ಗೋಡೆಯ ಪಂಜರವನ್ನು ಪೂರಾ ಕಟ್ಟಿ ಮುಗಿಸಿ, ಕ್ರೇನಿನಲ್ಲಿ ಎತ್ತಿ ಮೇಲೆ ಜೋಡಿಸುವ ಪದ್ಧತಿ. ನಮ್ಮವನ ಕೆಲಸ ಆ ಯಾರ್ಡಿನಲ್ಲಿ. ಅವನು ಕಟ್ಟಿದ್ದೆಲ್ಲ ಮೇಲೆ ಹೋಗುವುದು, ಅವನು ಕೆಳಗೇ. ಅರವತ್ತನೇ ಮಾಳಿಗೆಗೆ ಹೋಯಿತು, ತೊಂಬತ್ತಕ್ಕೆ ಹೋಯಿತು ಎಂದು ಪ್ರತಿ ಶುಕ್ರವಾರ ಬಂದು ಹೇಳುವನು. ನಾನು ಡೈರಿಯಲ್ಲಿ ಬರೆಯುವುದು. ನೀನು ಎಷ್ಟರವರೆಗೆ ಹತ್ತಿದ್ದಿ ಎಂದು ಒಮ್ಮೆ ಕೇಳಿದೆ. ಪಾಸ್ ಇಲ್ಲ ಭಾಯ್, ಯಾರ್ಡಿನವರಿಗೆ ಮೇಲೆ ಎಂತ ಕೆಲಸ, ಎಂದ. ಬೇಸರದಲ್ಲಿ ಹೇಳಿದ್ದಲ್ಲ. ಹಾಗೆ ಉಂಟು ಎಂದು ಹೇಳಿದ್ದು. ಬೇಸರವಾದದ್ದು ನನಗೆ.

ಆ ಗೋಪುರದ ಒಳಗೆ 39,000 ಟನ್ ಕಬ್ಬಿಣದ ಸರಳು ಉಂಟು, 3,30,000 ಘನ ಮೀಟರ್ ಕಾಂಕ್ರೀಟು ಉಂಟು ಎಂದು ಪೇಪರಿನಲ್ಲಿ ಬಂತು. ಗಂಟು ಎಷ್ಟು ಎಂದು ಯಾರೂ ಲೆಕ್ಕ ಹಾಕಿಲ್ಲ. ಕೆಲಸ ಜೋರಾಗಿದ್ದಾಗ ದಿನಕ್ಕೆ ಹನ್ನೆರಡು ಸಾವಿರ ಜನ, ನೂರಕ್ಕೂ ಹೆಚ್ಚು ದೇಶಗಳವರು. ಕೂಲಿ ಕೆಲಸದಲ್ಲಿ ಹೆಚ್ಚಿನವರು ನಮ್ಮ ದೇಶ, ಪಾಕಿಸ್ತಾನ, ಬಾಂಗ್ಲಾ, ನೇಪಾಳದ ಕಡೆಯವರು. 2006ರ ಮಾರ್ಚ್‌ನಲ್ಲಿ ಒಂದು ಸಂಜೆ ಸುಮಾರು 2,500 ಜನ ತಾಳ್ಮೆ ಕಳೆದುಕೊಂಡರು. ಕ್ಯಾಂಪಿಗೆ ಕರೆದುಕೊಂಡು ಹೋಗುವ ಬಸ್ಸು ತಡವಾದದ್ದು ನೆಪ. ಒಳಗೆ ಕೂತದ್ದು ಸಂಬಳದ ಸಿಟ್ಟು, ದಿನಕ್ಕೆ ನಾಲ್ಕು ಡಾಲರಿನ ಆಸುಪಾಸು. ಕಾರು, ಆಫೀಸು, ಕಂಪ್ಯೂಟರು ಒಡೆದು ಹಾಕಿದರು. ಒಡೆದದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಹನ್ನೆರಡು ಗಂಟೆ ದುಡಿದು, ನಿಂತ ಕಾಲಲ್ಲಿ ಬಸ್ಸು ಕಾಯುವುದೆಂದರೆ ಎಂತ ಎಂದು ಕಾದವನಿಗೆ ಗೊತ್ತು ಮಾಸ್ಟ್ರೇ. ಮರುದಿನ ಪಿಕಪ್ಪಿನಲ್ಲಿ ಆ ದಾರಿಯಾಗಿ ಹೋಗುವಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

2007ರ ಜುಲೈ 21, ನನ್ನ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದ ತಾರೀಕು. ತೈವಾನಿನ ತೈಪೆ 101 ಎಂಬ ಕಟ್ಟಡವನ್ನು ದಾಟಿ ಪ್ರಪಂಚದ ಅತಿ ಎತ್ತರದ್ದಾಯಿತು. 141 ಮಾಳಿಗೆ, 512 ಮೀಟರ್, ಇನ್ನೂ ಮುಗಿದಿಲ್ಲ. ಅವತ್ತು ನಮ್ಮ ಕೋಣೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದೆವು. ಎಂಟು ಜನರಲ್ಲಿ ಒಬ್ಬನಿಗೂ ಆ ಕಟ್ಟಡದಲ್ಲಿ ಒಂದು ಇಟ್ಟಿಗೆಯ ಪಾಲಿಲ್ಲ. ಆದರೂ ದಿನಾ ಕಣ್ಣೆದುರು ಬೆಳೆದ ಮಗು ಪರೀಕ್ಷೆ ಪಾಸಾದ ಹಾಗೆ ಸಂತೋಷ. ಕರೀಂನಗರದವನಿಗೂ ಒಂದು ಲೋಟ ತೆಗೆದಿಟ್ಟಿದ್ದೆ. ಸೆಪ್ಟೆಂಬರಿನಲ್ಲಿ ಕೆನಡಾದ ಸಿಎನ್ ಟವರನ್ನೂ ದಾಟಿತು.

ಇಷ್ಟಾದರೂ ಕೊನೆಗೆ ಎಷ್ಟು ಎತ್ತರ ಆಗ್ತದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಗುಟ್ಟು. ಬೇರೆ ಯಾರಾದರೂ ಅದಕ್ಕಿಂತ ಒಂದು ಗೇಣು ಹೆಚ್ಚು ಕಟ್ಟಿಯಾರು ಎಂಬ ಹೆದರಿಕೆ. ಕಾಂಕ್ರೀಟಿನ ಭಾಗ ಮುಗಿದ ಮೇಲೆ ಉಕ್ಕಿನದ್ದು, ಅದರ ಮೇಲೆ ಶಿಖರ. ಈ ಶಿಖರ ಎತ್ತಿದ ಕ್ರಮ ಕೇಳಿ. ಅಷ್ಟು ಎತ್ತರಕ್ಕೆ ಯಾವ ಕ್ರೇನು ಇಡೀ ಶಿಖರವನ್ನು ಹೊತ್ತುಕೊಂಡು ಹೋದೀತು? ಅದನ್ನು ತುಂಡು ತುಂಡಾಗಿ ಗೋಪುರದ ಒಳಗೇ ಜೋಡಿಸಿ, ಜಾಕಿ ಕೊಟ್ಟು ಒಳಗಿನಿಂದ ಮೇಲಕ್ಕೆ ದೂಡಿದರು. ನಿಮ್ಮ ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಏರಿಯಲ್ ಎಳೆದ ಹಾಗೆ. 200 ಮೀಟರಿಗಿಂತ ಉದ್ದದ ಏರಿಯಲ್. ನಾವು ತಾರಸಿಯಲ್ಲಿ ನಿಂತು ನೋಡುವಾಗ ನಿನ್ನೆ ಇಲ್ಲದ ತುದಿ ಇವತ್ತು ಉಂಟು. ಕ್ರೇನ್ ಅಲ್ಲಾಡಿದ್ದು ಕಾಣುವುದಿಲ್ಲ, ಕಟ್ಟಡ ಮಾತ್ರ ಬೆಳೆದಿದೆ. 2009ರ ಜನವರಿಯಲ್ಲಿ ಅದು ತನ್ನ ಪೂರ್ಣ ಎತ್ತರಕ್ಕೆ ಬಂತು.

ಅಷ್ಟರಲ್ಲಿ ಊರೇ ಕುಸಿದಿತ್ತು. 2008ರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕು ಮುಳುಗಿದ್ದಕ್ಕೆ ದುಬೈಯಲ್ಲಿ ಕ್ರೇನು ನಿಂತವು. ಅಕ್ಟೋಬರಿನಲ್ಲಿ ನಖೀಲ್ ಎಂಬ ಕಂಪನಿ ಒಂದು ಕಿಲೋಮೀಟರಿಗಿಂತ ಎತ್ತರದ ಗೋಪುರ ಕಟ್ಟುತ್ತೇವೆ ಎಂದು ಘೋಷಿಸಿತ್ತು. ಜನವರಿಗೆ ಆ ಕೆಲಸ ನಿಂತೇ ಹೋಯಿತು. ನಮ್ಮ ಗೋಡೌನಿಗೆ ಬರುವ ಲಾರಿ ದಿನಕ್ಕೆ ಇಪ್ಪತ್ತು ಇದ್ದದ್ದು ಎರಡಕ್ಕೆ ಇಳಿಯಿತು, ನಮಗೆ ಮೂರು ತಿಂಗಳ ಸಂಬಳ ತಡ. ಕೋಣೆಯ ಎಂಟು ಮಂಚಗಳಲ್ಲಿ ಐದು ಖಾಲಿ. ಕರೀಂನಗರದವನು 2008ರ ನಡುವಿನಲ್ಲೇ ಹೋಗಿಯಾಗಿತ್ತು. ಕಾಂಕ್ರೀಟು ಮುಗಿದರೆ ರಾಡ್ ಕಟ್ಟುವವರು ಯಾಕೆ, ವೀಸಾ ಕ್ಯಾನ್ಸಲ್ ಮಾಡಿ ಕಳಿಸಿದರು. ಹೋಗುವ ಮೊದಲಿನ ಶುಕ್ರವಾರ ಬಂದಿದ್ದ. ಒಂದು ಕಾಗದದ ಚೂರಿನಲ್ಲಿ ಊರಿನ ಫೋನ್ ನಂಬರು ಬರೆದು ಕೊಟ್ಟ. ನಾನು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟೆ. ಡೈರಿಯಲ್ಲಿ ಬರೆದುಕೊಳ್ಳಲಿಲ್ಲ. ಅಂಗಿ ಒಗೆಯಲಿಕ್ಕೆ ಹೋಯಿತು.

ಗೋಪುರದ ಹೊರಗೆ ಗಾಜು ಕೂರಿಸುವ ಕೆಲಸ 2009ರಲ್ಲಿ ಮುಗಿಯಿತು, 24,000ಕ್ಕೂ ಹೆಚ್ಚು ಹಲಗೆಗಳು. 2010ರ ಜನವರಿ 4ಕ್ಕೆ ಉದ್ಘಾಟನೆ. ಅದಕ್ಕೆ ಮೂರು ವಾರ ಮೊದಲಷ್ಟೇ ದುಬೈಯ ಸಾಲ ತೀರಿಸಲಿಕ್ಕೆ ಅಬುಧಾಬಿಯಿಂದ 1,000 ಕೋಟಿ ಡಾಲರ್ ಬಂದಿತ್ತು. ರಾತ್ರಿ ನಾವು ಉಳಿದ ಮೂವರು ತಾರಸಿಯಲ್ಲಿ ಚಾಪೆ ಹಾಸಿ ಕೂತಿದ್ದೆವು. ಬಾಣಬಿರುಸಿನ ಬೆಳಕು ಇಡೀ ಸತ್ವಾದ ಮೇಲೆ ಬಿತ್ತು. ಎತ್ತರ 828 ಮೀಟರ್ ಎಂದು ಆಗ ಹೇಳಿದರು. ಹೆಸರೂ ಆಗಲೇ ಬದಲಾಯಿತು, ಬುರ್ಜ್ ಖಲೀಫಾ, ಅಬುಧಾಬಿಯ ಆಗಿನ ಅರಸರ ಹೆಸರು. ಆರು ವರ್ಷ ಬುರ್ಜ್ ದುಬೈ ಎಂದು ಕರೆದ ನಮಗೆ ಬಾಯಿ ತಿರುಗಲಿಕ್ಕೆ ತುಂಬಾ ದಿನ ಬೇಕಾಯಿತು.

828 ಮೀಟರ್ ಎಂದರೆ ಎಷ್ಟು ಎಂದು ನಿಮಗೆ ಅಂದಾಜಾಗಬೇಕಲ್ಲ. ಆಗುಂಬೆ ಘಾಟಿ ಹತ್ತಿ ಸೂರ್ಯಾಸ್ತ ನೋಡುವ ಕಟ್ಟೆಯಲ್ಲಿ ನಿಂತರೆ ನಾವು ಸಮುದ್ರಕ್ಕಿಂತ ಸುಮಾರು 650 ಮೀಟರ್ ಮೇಲೆ ಇರ್ತೇವೆ. ಹದಿನಾಲ್ಕು ತಿರುವು ಹತ್ತಿ ಹೋಗುವ ಎತ್ತರ ಅದು. ಆ ಗೋಪುರದ ತುದಿ ಅದಕ್ಕಿಂತಲೂ ಮೇಲೆ. ಮಲ್ಪೆಯಲ್ಲಿ ಸೂರ್ಯ ಮುಳುಗಿದ ಮೇಲೂ ಆಗುಂಬೆಯಲ್ಲಿ ಇನ್ನಷ್ಟು ಹೊತ್ತು ಕಾಣ್ತಾನೆ ಎಂದು ನೀವು ಮಕ್ಕಳಿಗೆ ಪಾಠ ಮಾಡಿದ್ದೀರಿ. ಅದೇ ಪಾಠ ಅಲ್ಲಿಯೂ ಬಂತು. 2011ರ ರಂಜಾನಿನಲ್ಲಿ ದುಬೈಯ ಮುಫ್ತಿಯವರು ಹೇಳಿದರು, 80ನೇ ಮಾಳಿಗೆಯ ಮೇಲಿನವರು ಉಪವಾಸ ಬಿಡಲಿಕ್ಕೆ ಎರಡು ನಿಮಿಷ ಹೆಚ್ಚು ಕಾಯಬೇಕು, 150ರ ಮೇಲಿನವರು ಮೂರು ನಿಮಿಷ. ಒಂದೇ ಕಟ್ಟಡದಲ್ಲಿ ಸೂರ್ಯ ಮೂರು ಸಲ ಮುಳುಗುವುದು. ಇಂಥದ್ದನ್ನು ಕೇಳಿದರೆ ನನಗೆ ಈಗಲೂ ಮೈ ಜುಮ್ ಎನ್ನುತ್ತದೆ.

ನಾನು ಮೇಲೆ ಹೋಗಿದ್ದೇನಾ ಎಂದು ಕೇಳಿದಿರಿ. ಹೋಗಿದ್ದೇನೆ, ಊರಿಗೆ ಹೊರಡುವ ಮೊದಲಿನ ವಾರ. 124ನೇ ಮಾಳಿಗೆಯವರೆಗೆ ಆಗ ಜನರನ್ನು ಬಿಡ್ತಿದ್ದರು. ಮೊದಲೇ ಬುಕ್ ಮಾಡಿದರೆ ಆಗ 100 ದಿರ್ಹಂ ಟಿಕೇಟು. ಲಿಫ್ಟು ಹತ್ತಿ ಒಂದು ನಿಮಿಷ, ಕಿವಿ ಗುಂಯ್ ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಎಲ್ಲರೂ ಕಡಲಿನ ಕಡೆ, ಪಾಮ್ ದ್ವೀಪದ ಕಡೆ ಹೋದರು. ನಾನು ಉತ್ತರದ ಬದಿಗೆ ಹೋಗಿ ಸತ್ವಾ ಹುಡುಕಿದೆ. ತಗ್ಗು ತಗ್ಗಾದ ಹಳೇ ಮನೆಗಳು, ಬೂದು ಬಣ್ಣ, ನಡುವೆ ಮಸೀದಿಯ ಬಿಳಿ. ನಮ್ಮ ತಾರಸಿಯನ್ನು ನೀರಿನ ಟ್ಯಾಂಕಿನ ನೀಲಿ ಮುಚ್ಚಳದಿಂದ ಗುರ್ತ ಹಿಡಿದೆ. ಹಗ್ಗದಲ್ಲಿ ಬಟ್ಟೆ ಉಂಟಾ ಇಲ್ಲವಾ ಕಾಣಲಿಲ್ಲ. ಆಮೇಲೆ ಹಿಂದೆ ತಿರುಗಿ ಒಳಗಿನ ಗೋಡೆಯನ್ನು ಮುಟ್ಟಿ ನೋಡಿದೆ. ನುಣ್ಣಗಿನ ಮರದ ಹಲಗೆ ಹೊದಿಸಿದ್ದಾರೆ. ಅದರ ಹಿಂದೆ ಕಾಂಕ್ರೀಟು, ಅದರೊಳಗೆ ಆ ಒಂದೂವರೆ ಸುತ್ತಿನ ಗಂಟು. ಅವನಿಗೆ ಒಂದು ಫೋನ್ ಮಾಡಿ, ನಿನ್ನ ಕೆಲಸದ ಹತ್ತಿರ ನಿಂತಿದ್ದೇನೆ ಎಂದು ಹೇಳಬೇಕೆನಿಸಿತು. ನಂಬರು ಎಲ್ಲಿ?

ಬೇಲೂರಿನಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಪ್ರವಾಸ ಹೋದಾಗ ನೀವು ತೋರಿಸಿದಿರಲ್ಲ. ಒಂಬೈನೂರು ವರ್ಷವಾದರೂ ಓದಬಹುದು. ಕಲ್ಲಿನ ಕೆಲಸಕ್ಕೆ ಆ ಭಾಗ್ಯ ಉಂಟು, ಮುಖ ಹೊರಗೆ. ರಾಡ್ ಕಟ್ಟುವವನ ಕೆಲಸ ಮುಗಿದ ದಿನವೇ ಕಾಂಕ್ರೀಟಿನ ಒಳಗೆ ಹೋಗ್ತದೆ. ಕಾಣಿಸಿತು ಎಂದರೆ ಅದು ಕಟ್ಟಡ ಕೆಟ್ಟದ್ದರ ಲಕ್ಷಣ.

ಮೊನ್ನೆ ನಿಮ್ಮ ಮೊಮ್ಮಗ ಮೊಬೈಲಿನಲ್ಲಿ ಜೆಡ್ಡಾದ ಗೋಪುರ ತೋರಿಸಿದ. ಒಂದು ಕಿಲೋಮೀಟರ್ ದಾಟ್ತದಂತೆ, ನಡುವೆ ವರ್ಷಗಟ್ಟಲೆ ನಿಂತಿದ್ದ ಕೆಲಸ 2025ರಲ್ಲಿ ಮತ್ತೆ ಶುರುವಾಗಿದೆ. ನಕ್ಷೆ ಅದೇ ಏಡ್ರಿಯನ್ ಸ್ಮಿತ್ ಅವರದ್ದು, ಅದೇ ಮೂರು ರೆಕ್ಕೆ. ದಾಟಲಿ, ಒಳ್ಳೆಯದೇ. ನಾನು ಆ ಹುಡುಗನಿಗೆ ಹೇಳಿದೆ, ತಿಂಗಳಿಗೊಮ್ಮೆ ನೋಡಿ ಮಾಳಿಗೆ ಎಷ್ಟಾಯಿತು ಎಂದು ಬರೆದಿಡು, ಮುಗಿದ ಮೇಲೆ ನೋಡುವವರು ಬೇಕಾದಷ್ಟು ಜನ ಇರ್ತಾರೆ. ಒಂದು ನೋಟ್‌ಬುಕ್ ಬೇಕಂತ ಕೇಳಿದ, ಕೊಟ್ಟಿದ್ದೇನೆ.

ಅಗೋ, ಮೇಲೆ ಕಟ್ಟ ತುಂಬಿ ನೀರು ಇಳಿಯುವ ಶಬ್ದ, ಪೈಪು ತೆಗೆಯಿರಿ. ಹತ್ತು ದಿನ ಸ್ಲ್ಯಾಬ್ ಒಣಗಲಿಕ್ಕೆ ಬಿಡಬೇಡಿ. ಮತ್ತೆ ಮಾಸ್ಟ್ರೇ, ಒಕ್ಕಲಿನ ದಿನ ಮೇಸ್ತ್ರಿಗೆ ಪಂಚೆ ಶಾಲು ಕೊಡುವ ಕ್ರಮ ನಿಮ್ಮಲ್ಲಿ ಹೇಗೂ ಉಂಟು. ಆ ಕೊಪ್ಪಳದ ಐದು ಹುಡುಗರನ್ನೂ ಕರೆಯಿರಿ. ಊಟದ ಎಲೆ ಮೇಲಿನ ಮಾಳಿಗೆಯಲ್ಲೇ ಹಾಕಿ. ನಾಳೆ ಬೆಳಿಗ್ಗೆ ಅವರು ಸಾಮಾನು ತೆಗೆದುಕೊಂಡು ಹೋಗಲಿಕ್ಕೆ ಬರ್ತಾರೆ, ಆಮೇಲೆ ಯಾವ ಊರಿನ ಕೆಲಸಕ್ಕೋ ಯಾರಿಗೆ ಗೊತ್ತು. ಒಬ್ಬೊಬ್ಬರ ನಂಬರನ್ನೂ ಕೇಳಿ, ಪುಸ್ತಕದಲ್ಲೇ ಬರೆದುಕೊಳ್ಳಿ. ಚೀಟಿಯಲ್ಲಿ ಬೇಡ.